ಬೀಗರು ಬಂದಾಗಲೂ ಮುಖವಾಡ ತೆಗೆಯಬಾರದು

1.

ಎಲ್ಲಿಂದ ಶುರು ಮಾಡಲಿ? ಮೂಗಿನಿಂದ ಮಾಡೋಣವೇ? ಕುಬೇರಪ್ಪನವರ ಮೂಗು ಚೆನ್ನಾಗಿದೆ. ಉದ್ದ, ನೇರ, ತುದಿಯಲ್ಲೊಂದು ಮಚ್ಚೆ. ಆ ಮೂಗನ್ನು ಉಳಿಸುವುದಷ್ಟೇ ನನಗೆ ವಹಿಸಿದ್ದ ಕೆಲಸ. ಹುಬ್ಬಳ್ಳಿಯ ಮಕ್ಕಳ ಬೇಸ್‌ಬಾಲ್ ಕಮಿಟಿಯವರು ಮನೆಗೆ ಬಂದು, "ಸರ್, ಅಂಪೈರ್‌ಗೋಳಿಗೆ ಸೇಫ್ಟಿ ನಿಯಮ ಕನ್ನಡದಾಗ ಬರದ ಕೊಡ್ರಿ, ಒಂದ ಪುಟ ಸಾಕು" ಎಂದಿದ್ದರು. ಬರೆಯಲು ಕೂತೆ. ಮೊದಲ ನಿಯಮ ಮುಗಿಯುವಷ್ಟರಲ್ಲಿ ಕುಬೇರಪ್ಪ ಒಳಗೆ ನುಗ್ಗಿದರು. ಈಗ ಇದು ಕಥೆಯಾಗಿದೆ. ಕಮಿಟಿಯವರು ಕ್ಷಮಿಸಬೇಕು, ನೀವು ಸಹಿಸಿಕೊಳ್ಳಬೇಕು.

2.

ಆ ಮೊದಲ ನಿಯಮ: ಆಟ ನಿಲ್ಲಿಸದೆ ಅಂಪೈರ್ ಮುಖವಾಡ ತೆಗೆಯಬಾರದು. (ಮುಖವಾಡವೆಂದರೆ ಕಬ್ಬಿಣದ ಸರಳಿನ ಜಾಲರಿ. ನಮ್ಮ ವಿಮರ್ಶಕರು ಹೇಳುವ ಮುಖವಾಡವಲ್ಲ, ಗಾಬರಿಯಾಗಬೇಡಿ.)

ಕುಬೇರಪ್ಪ ಹತ್ತಿ ವ್ಯಾಪಾರಿ. ಹರಾಜಿನಲ್ಲಿ ಅವರು ಕೂಗಿದರೆ ಮಾರುಕಟ್ಟೆಯ ಆಚೆ ಮಲಗಿದ ನಾಯಿ ಎದ್ದು ಕೂರುತ್ತದೆ. ಆ ದನಿಗಾಗಿಯೇ ಅವರನ್ನು ಅಂಪೈರ್ ಮಾಡಿದ್ದು. ಎದೆಗೆ ಕಟ್ಟುವ ಗಾರ್ಡು ಎಲ್ಲಿಯೂ ಸಿಗದಿದ್ದಾಗ, ಗೋಪನಕೊಪ್ಪದಲ್ಲಿ ಆಟೋ ಸೀಟು ಹೊಲಿಯುವ ನಿಜಾಮುದ್ದೀನ ಹಳೇ ಸೀಟಿನ ಫೋಮಿಗೆ ಅದರದೇ ಕೆಂಪು ರೆಕ್ಸಿನ್ ಹಾಕಿ ಹೊಲಿದುಕೊಟ್ಟ. ಹೊಟ್ಟೆಯ ಮೇಲೆ 'ಮೂವರಿಗೆ ಮಾತ್ರ' ಎಂಬ ಬರಹ ಹಾಗೇ ಉಳಿದಿದೆ. (ನಿಜವೇ? ಇಲ್ಲ, ಈಗಷ್ಟೇ ಸೇರಿಸಿದೆ.)

2, ಇನ್ನೊಮ್ಮೆ.

ಆಟವನ್ನೇ ಮರೆತಿದ್ದೆ. ಫೈನಲ್ ಮ್ಯಾಚು, ಗೋಪನಕೊಪ್ಪದ ಮಕ್ಕಳಿಗೂ ಅಮ್ಮಿನಬಾವಿಯ ಮಕ್ಕಳಿಗೂ. ಅಂಕ ಸಮ. ಕೊನೆಯ ಸರದಿ. ಮೂರನೇ ಬೇಸಿನ ಮೇಲೆ, ಅಂದರೆ ಓಟದ ಕೊನೆಯ ತಂಗುದಾಣದಲ್ಲಿ, ನಿಜಾಮುದ್ದೀನನ ಮಗಳು ಮೈಮುನಾ ನಿಂತಿದ್ದಾಳೆ. ಜೊತೆಗಾರ ಚೆಂಡು ಹೊಡೆದ ಕೂಡಲೇ ಅವಳು ಓಡಿಬಂದು, ಅಂಪೈರ್ ಮುಂದೆ ನೆಲದಲ್ಲಿರುವ ಬಿಳಿ ರಬ್ಬರ್ ಹಲಗೆಯನ್ನು ಮುಟ್ಟಿದರೆ ಗೆಲುವು. ಅದಕ್ಕೂ ಮೊದಲು ಅಮ್ಮಿನಬಾವಿಯ ಬಸವಕಿರಣ ಚೆಂಡು ಹಿಡಿದ ಗ್ಲೌಸನ್ನು ಅವಳಿಗೆ ತಾಗಿಸಿದರೆ ಔಟು. ಇಷ್ಟೇ ಬೇಸ್‌ಬಾಲ್. ಉಳಿದದ್ದೆಲ್ಲ ಟೋಪಿ ಸರಿಮಾಡಿಕೊಳ್ಳುವುದು.

ಮೈಮುನಾಳಿಗೆ ಮಾತ್ರ ಇಷ್ಟೇ ಅಲ್ಲ. ಹಿಂದಿನ ಪಂದ್ಯಗಳಲ್ಲೂ ಇದೇ ಹಲಗೆಯ ಹತ್ತಿರ ಔಟಾದವಳು. ಇವತ್ತೂ ಔಟಾದರೆ ಇನ್ನು ಮೇಲೆ ಹೊರಗೆ ಕೂತು ನೀರಿನ ಬಾಟಲಿ ಕಾಯಬೇಕು ಎಂದು ತಂಡದ ಹುಡುಗರು ಹೇಳಿಬಿಟ್ಟಿದ್ದಾರೆ. ಅವಳು ಬಾಟಲಿ ಕಾಯುವುದು ನನಗೂ ಬೇಡ. ಹುಡುಗಿಯ ಮೇಲೆ ಪ್ರೀತಿ ಬಂದುಬಿಟ್ಟಿದೆ. (ಅಂಪೈರ್‌ಗೆ ಇದು ನಿಷಿದ್ಧ. ಕಥೆಗಾರನಿಗೆ?)

4.

(3 ಬೇಡ. ಅದರಲ್ಲಿ ಬರೀ ಸಂಜೆಯ ಬಣ್ಣಗಳಿದ್ದವು.)

ಚೆಂಡು ಎಸೆಯುವವನು ಕೈ ಎತ್ತಿದ. ಅದೇ ಹೊತ್ತಿಗೆ ಕುಬೇರಪ್ಪನವರ ಬೆನ್ನ ಹಿಂದೆ, ಚೆಂಡು ತಡೆಯಲು ಕಟ್ಟಿದ ಬಲೆಯ ಆಚೆ, ಬಿಳಿ ರುಮಾಲು ಸುತ್ತಿದ ಕುಮಾರಸ್ವಾಮಿಯವರು ಬಂದು ಕೆಮ್ಮಿದರು. ಅಮ್ಮಿನಬಾವಿಯ ಜಮೀನುದಾರರು. ಅವರ ಮಗನಿಗೂ ಕುಬೇರಪ್ಪನವರ ಮಗಳು ಆರತಿಗೂ ಮೊನ್ನೆ ತಾನೇ ನಿಶ್ಚಯವಾಗಿದೆ. ಅಂದರೆ ಬೀಗರು. ಅದರಲ್ಲೂ ಹೊಸ ಬೀಗರು. ಅಂಥವರಿಗೆ ಬೆನ್ನು ತೋರಿಸಿ ನಿಲ್ಲಬಹುದು ಎಂದು ನಿಯಮ ಮಾಡಿದವರಿಗೆ ಮಕ್ಕಳ ಮದುವೆ ಮಾಡಿ ಗೊತ್ತಿಲ್ಲವೆಂದು ಕಾಣುತ್ತದೆ.

ಕುಬೇರಪ್ಪ ತಿರುಗಿದರು. ಮುಖವಾಡ ತೆಗೆದರು. ಕೈಮುಗಿದರು.

"ಬರ್ರಿ ಬೀಗರ, ಬರ್ರಿ! ಆರಾಮದೀರಿ? ಮನ್ಯಾಗ ಎಲ್ಲಾರೂ ಛಲೋ ಅದಾರ?"

"ಎಲ್ಲಾ ಆರಾಮ್ರಿ. ಇದೇನ್ರಿ, ಎದಿಗಿ ಆಟೋ ಸೀಟ್ ಕಟಗೊಂಡೀರಿ?"

ಅವರ ಹಿಂದೆ ಬ್ಯಾಟು ಟಪ್ಪೆಂದಿತು. ಮೈಮುನಾ ಓಡಿದಳು.

5. ಮೊದಲನೇ ಎಂಡಿಂಗ್

ಹಲಗೆಯತ್ತ ಎಸೆದ ಚೆಂಡು ಗುರಿ ತಪ್ಪಿ ಬಲೆಗೆ ಬಡಿದು, ಪುಟಿದು, ನೇರ ಕುಬೇರಪ್ಪನವರ ಮೂಗಿಗೆ ಬೀಳುತ್ತದೆ. ಕಮಿಟಿಯವರಿಗೆ ನೀತಿಪಾಠ ಸಿಕ್ಕಿತು. ಮುಗಿಯಿತು.

"ಏನ್ರಿ ಸಾಹೇಬ್ರ," ಕುಬೇರಪ್ಪ ನನ್ನ ಕಡೆ ತಿರುಗಿದರು, "ಮಗಳ ಮದವಿ ಐತಿ. ಮೂಗಿಗೆ ಪಟ್ಟಿ ಹಚಗೊಂಡು ಫೋಟೋಕ್ಕ ನಿಂದ್ರಲೇನು?"

"ಟೈಮ್ ಅಂತ ಒದರಿ ಮೊದಲ ಆಟ ನಿಲ್ಲಸಬೇಕಿತ್ತಲ್ರಿ?" ಎಂದೆ.

"ಬೀಗರು ಬಂದ್ರ ಮೊದಲ ಒದರೂದೇನ್ರಿ? ಮೊದಲ ಕೈಮುಗಿಯೂದು."

ಎಂಡಿಂಗ್ ಹರಿದುಹಾಕಿದೆ. ಮೂಗು ಉಳಿಯಿತು.

6.

ಧೂಳು ಇಳಿಯಿತು. ಮೈಮುನಾ ಬೋರಲು ಬಿದ್ದಿದ್ದಾಳೆ, ಬಲಗೈ ಹಲಗೆಯ ಮೇಲೆ. ಬಸವಕಿರಣನ ಗ್ಲೌಸು ಅವಳ ಭುಜದ ಮೇಲೆ, ಒಳಗೆ ಚೆಂಡು. ಯಾವುದು ಮೊದಲು?

"ಕಾಕಾ, ನಾ ಮೊದಲ ಮುಟ್ಟೇನ್ರಿ!"

"ಇಲ್ರಿ, ನಾ ಮೊದಲ ಹಚ್ಚೇನ್ರಿ!"

ಇಬ್ಬರೂ ಅಲ್ಲಾಡಲು ಸಿದ್ಧರಿಲ್ಲ. ಕೈ ತೆಗೆದವರ ಮಾತು ಸಡಿಲವಾಗುತ್ತದಲ್ಲ.

ಇನ್ನೊಂದು ನಿಯಮ ನೆನಪಾಯಿತು: ನೋಡದೇ ಇದ್ದದ್ದಕ್ಕೆ ಅಂಪೈರ್ ತೀರ್ಪು ಕೊಡಬಾರದು. ಕುಬೇರಪ್ಪ ನೋಡುತ್ತಿದ್ದದ್ದು ಬೀಗರನ್ನು. ಹಲಗೆಯನ್ನು ನೋಡುತ್ತಿದ್ದವರು ಅವರೆದುರು ನಿಂತ ಬೀಗರೊಬ್ಬರೇ. ಆದರೆ ಅವರು ಅಮ್ಮಿನಬಾವಿಯವರು! ಕುಮಾರಸ್ವಾಮಿಯವರು ಬಲೆ ಸುತ್ತಿಕೊಂಡು ಒಳಗೆ ಬಂದರು.

"ಬೀಗರ, ನೀವ ನೋಡೀರಿ. ನೀವ ಹೇಳ್ರಿ."

"ಛೆ ಛೆ, ಅಂಪೈರ್ ನೀವು. ನೀವು ಹೇಳಿದ್ದ ಖರೇ."

"ಹುಡುಗನ ಕಡಿಯವ್ರ ಮುಂದ ನಾ ಹೆಂಗ ಬಾಯಿ ತಗೀಲ್ರಿ?"

"ನಿಮ್ಮೂರಿಗೆ ಬಂದು ನಾ ತೀರ್ಪ ಕೊಟ್ರ ಛಲೋ ಕಾಣ್ತೈತೇನ್ರಿ?"

(ಇದು ಇನ್ನೂ ಎರಡು ಪುಟ ನಡೆಯಿತು. ನಿಮ್ಮ ಮೇಲಿನ ಕರುಣೆಯಿಂದ ತೆಗೆದಿದ್ದೇನೆ.)

7. ಎರಡನೇ ಎಂಡಿಂಗ್

ಪೆನ್ನು ನನ್ನದು. ಮೈಮುನಾ ಸೇಫ್ ಎಂದು ಬರೆದುಬಿಡುತ್ತೇನೆ. ಯಾರು ಕೇಳುತ್ತಾರೆ?

ಅವಳೇ ಕೇಳಿದಳು. ಬಿದ್ದಲ್ಲಿಂದಲೇ ತಲೆ ಎತ್ತಿ, "ಸರ್, ನೀವರ ನೋಡೀರೇನ್ರಿ?"

ನಾನು ಆಗ ಬೀಗರ ರುಮಾಲನ್ನು ವರ್ಣಿಸುತ್ತಿದ್ದೆ. "ಇಲ್ಲವಾ" ಎಂದೆ.

"ಹಂಗಾರ ಬರೀಬ್ಯಾಡ್ರಿ. ಕಥಿ ಬರ್ಯಾವ್ರು ಗೆಲ್ಲಿಸ್ಯಾರ ಅಂತ ಹುಡುಗ್ರು ನಾಳೆ ಮತ್ತ ಬಾಟ್ಲಿ ಕಾಯಾಕ ಹಚ್ಚತಾರ. ನೋಡಿದವ್ರ ಹೇಳ್ಲಿ."

ಬರೆದದ್ದನ್ನು ಹೊಡೆದುಹಾಕಿದೆ. ನಾಚಿಕೆಯಾಯಿತು. ಹೆಮ್ಮೆಯೂ ಆಯಿತು, ಅವಳನ್ನು ಬರೆದವನು ನಾನೇ ತಾನೇ.

8.

ನಿಜಾಮುದ್ದೀನ ಚಹಾ ತಂದ. ಬೀಗರು ಬಂದ ಮೇಲೆ ಚಹಾ ಬರಬೇಕೆಂಬುದಕ್ಕೆ ಯಾವ ಕಮಿಟಿಯೂ ನಿಯಮ ಬರೆಸಬೇಕಿಲ್ಲ.

"ಮೊದಲ ಹುಡುಗ್ರಿಗೆ ಕೊಡಪಾ" ಎಂದರು ಕುಮಾರಸ್ವಾಮಿ.

ಮೈಮುನಾಳ ಬಲಗೈ ಹಲಗೆಯ ಮೇಲಿದೆ. ಎಡಗೈ ಚಾಚಿದಳು. "ಎಡಗೈಲೆ ತಗೋತಾರೇನ ಬೇಟಿ?" ಎಂದ ಅಪ್ಪ. ಚಾಚಿದ ಕೈ ಹಿಂದಕ್ಕೆ ಹೋಯಿತು. ಬಸವಕಿರಣನದಂತೂ ಒಂದು ಕೈ ಗ್ಲೌಸಿನೊಳಗೆ, ಇನ್ನೊಂದು ಅದರ ಮೇಲೆ. ಇಬ್ಬರೂ ಕಪ್ಪನ್ನು ಆಸೆಯಿಂದ ನೋಡಿದರು.

ಕುಮಾರಸ್ವಾಮಿಯವರು ಅವಳ ತರಚಿದ ಮೊಣಕೈ ನೋಡಿದರು. ತಮ್ಮೂರ ಹುಡುಗನ ಮುಖ ನೋಡಿದರು. ರುಮಾಲು ಸರಿಮಾಡಿಕೊಂಡರು.

"ಹೇಳಿಬಿಡ್ತೇನ್ರಿ. ಕಣ್ಣಾರೆ ನೋಡೇನಿ. ಈ ಹುಡುಗಿ..."

"ಬೀಗರ, ಮೊದಲ ಚಹಾ ತಗೋರಿ" ಎಂದರು ಕುಬೇರಪ್ಪ. "ಆರತೈತಿ."

"ಕಾಕಾ!" ಎಂದು ಮೈಮುನಾ ಚೀರಿದಳು.

ಬೀಗರು ಎರಡೂ ಕೈಯಲ್ಲಿ ಕಪ್ಪು ತೆಗೆದುಕೊಂಡರು. ಊದಿದರು. ಚಹಾ ಕುಡಿಯುತ್ತಿರುವ ಬೀಗರನ್ನು ಮಾತಾಡಿಸುವ ಧೈರ್ಯ ನನಗಿಲ್ಲ. ನಾನು ಹೊರಟೆ. ನಿಮಗೆ ಕಾಯುವ ಮನಸ್ಸಿದ್ದರೆ ಕಾಯಿರಿ; ಚಹಾ ತುಂಬಾ ಬಿಸಿ ಇದೆ, ಮೈಮುನಾ ಇನ್ನೂ ಕೈ ತೆಗೆದಿಲ್ಲ.