ಕರ್ತೃ ಯಾರು?

ನನ್ನ ಮೊಮ್ಮಗಳನ್ನು ನಾನು ಗುಂಡುಸೂಜಿ ಎಂದು ಕರೆಯುತ್ತೇನೆ. ಮೈಯೂ ಹಾಗೇ ಸಪೂರ, ಚುಚ್ಚುವುದೂ ಹಾಗೇ ಚುರುಕು. ಈಗ ಹತ್ತು ವರ್ಷ. ಐವತ್ತು ವರ್ಷ ಹೊಲಿಗೆ ಯಂತ್ರ ತುಳಿದವಳ ಮನೆಯಲ್ಲಿ ಹುಟ್ಟಿದ ಮೇಲೆ ಇದಕ್ಕಿಂತ ಒಳ್ಳೆಯ ಹೆಸರು ಎಲ್ಲಿಂದ ತರಲಿ?

ಅವಳನ್ನು ಚರ್ಚಿನ ಹಿಂದಿನ ಶಾಲೆಗೆ ಸೇರಿಸಿದವನು ನನ್ನ ಮಗ. ನನ್ನನ್ನು ಒಂದು ಮಾತು ಕೇಳಲಿಲ್ಲ. ಐದು ಕೋಣೆ, ಅರವತ್ತು ಮಕ್ಕಳು. ಬೆಳಿಗ್ಗೆ ಪ್ರಾರ್ಥನೆ, ಕೀರ್ತನೆ, ಅದು ಸರಿ. ಆದರೆ ಅದಾದ ಮೇಲೆ ಲ್ಯಾಟಿನ್ ಅಂತೆ! ಕೇಳಿದಾಗ ನನ್ನ ಬಾಯಲ್ಲಿದ್ದ ದಾರ ಕೆಳಗೆ ಬಿತ್ತು.

"ಯಾವ ಊರಲ್ಲೋ ಮಾತಾಡ್ತಾರೆ ಅದನ್ನ?"

"ಮನೆಮನೇಲಿ ಮಾತಾಡೋ ಊರು ಈಗ ಇಲ್ಲಮ್ಮ" ಎಂದ ಮಗ. ಅವನು ಲಿಫ್ಟ್ ರಿಪೇರಿ ಮಾಡುವವನು, ಏನು ಹೇಳಿದರೂ ಮಹಡಿ ಮಹಡಿಯಾಗಿ ಹೇಳುತ್ತಾನೆ. "ಮೊದಲನೇ ಮಹಡಿ ಬಾಯಿಪಾಠ. ಚಿಕ್ಕ ಮಕ್ಕಳಿಗೆ ಅದೇ ಆಟ. ಎರಡನೇದು ತರ್ಕ. ಹೆಂಗಿದ್ರೂ ಎದುರು ಮಾತಾಡೋ ವಯಸ್ಸು, ಸರಿಯಾಗಿ ಎದುರು ಮಾತಾಡೋದು ಕಲಿಸ್ತಾರೆ. ಮೂರನೇದು, ತಿಳಿದಿದ್ದನ್ನ ಚೆನ್ನಾಗಿ ಹೇಳೋದು. ಹಳೇ ಕಾಲದ ಕ್ರಮ, ಗಟ್ಟಿ."

"ಮಾತು ಕಲಿಯೋಕೆ ಶಾಲೆ ಬೇಕಾ? ನಮ್ಮನೇಲಿ ಮಾತಿಗೇನು ಬರಗಾಲ ಬಂದಿದ್ಯಾ?"

ಮಗ ನಕ್ಕು ಚಪ್ಪಲಿ ಹಾಕಿಕೊಂಡು ಹೊರಟ. ನಿಜ ಹೇಳಿಬಿಡುತ್ತೇನೆ, ನನ್ನದು ಬರೀ ಸಿಟ್ಟಲ್ಲ, ಹೊಟ್ಟೆಕಿಚ್ಚೂ ಇತ್ತು. ನಾಲ್ಕನೇ ತರಗತಿಯಲ್ಲಿ ನನ್ನ ಕೈಯಿಂದ ಪುಸ್ತಕ ತೆಗೆದು ಸೂಜಿ ಕೊಟ್ಟಿದ್ದರು. ಕೊಟ್ಟವರು ಈಗ ಯಾರೂ ಇಲ್ಲ, ಸಿಟ್ಟು ಮಾತ್ರ ಇನ್ನೂ ಗಟ್ಟಿಮುಟ್ಟಾಗಿದೆ.

ಗುಂಡುಸೂಜಿ ಮನೆಯಲ್ಲಿ ಕುಣಿಯುತ್ತ ಬಾಯಿಪಾಠ ಮಾಡುತ್ತಿದ್ದಳು. ಎಓ, ಎಸ್, ಎತ್, ಎಮುಸ್, ಎತಿಸ್, ಎಂತ್! ಕ್ರಿಯಾಪದದ ಬಾಲಗಳಂತೆ ಅವು. ನನಗೆ ತಲೆಬುಡ ತಿಳಿಯದಿದ್ದರೂ ಕಾಲು ತಾನಾಗಿ ಆ ತಾಳಕ್ಕೇ ಯಂತ್ರ ತುಳಿಯಲು ಶುರು ಮಾಡಿತ್ತು. 'ಎಂತ್' ಎಂದಾಗ ನಿಲ್ಲಿಸಿ ದಾರ ಕತ್ತರಿಸುತ್ತಿದ್ದೆ.

ಒಂದು ದಿನ ಹಾಲು ಉಕ್ಕಿ ಒಲೆಯೆಲ್ಲ ರಂಪವಾಯಿತು. "ಅಯ್ಯೋ, ಹಾಲು ಉಕ್ಕಿಹೋಯ್ತು!" ಎಂದೆ.

"ಕರ್ತೃ ಯಾರು ಅಜ್ಜಿ?" ಎಂದಳು ಗುಂಡುಸೂಜಿ.

ನನಗೆ ಪಿತ್ತ ನೆತ್ತಿಗೇರಿತು. "ಕರ್ತ ಯಾರು ಅಂತ ಕೇಳ್ತೀಯಾ? ದಿನಾ ಬೆಳಿಗ್ಗೆ ಯಾರ ಮುಂದೆ ಮಂಡಿಯೂರ್ತೀಯೇ ಹಾಗಾದ್ರೆ? ಇದನ್ನೂ ಹೇಳಿಕೊಟ್ಟಿಲ್ವಾ ಆ ಶಾಲೇಲಿ?"

ಅವಳು ಹೊಟ್ಟೆ ಹಿಡಿದುಕೊಂಡು ನೆಲದ ಮೇಲೆ ಉರುಳಾಡಿದಳು. "ಚರ್ಚಲ್ಲಿ ಹೇಳೋ ಕರ್ತ ಅಲ್ಲ ಅಜ್ಜಿ, ಕರ್ತೃ! ಕೆಲಸ ಮಾಡಿದೋರು ಯಾರು ಅಂತ. ಕ್ರಿಯಾಪದ ಸಿಕ್ಕಿದ ತಕ್ಷಣ ಕರ್ತೃನ ಹುಡುಕಬೇಕು. ದೊಡ್ಡ ಮೇಷ್ಟ್ರು ಪ್ರತಿ ವಾಕ್ಯಕ್ಕೂ ಕೇಳ್ತಾರೆ."

"ಹಾಲೇ ಕರ್ತೃ. ಹೋಗಾಚೆ."

"ವ್ಯಾಕರಣಕ್ಕೆ ಹಾಲು. ಒಲೆ ಮೇಲಿಟ್ಟು ಮರೆತಿದ್ದು ಯಾರು?"

"ನಿಮ್ಮಪ್ಪ!"

"ಅಪ್ಪ ಕೆಲಸಕ್ಕೆ ಹೋಗಿ ಎರಡು ಗಂಟೆ ಆಯ್ತು."

ಅಂದಿನಿಂದ ನನ್ನ ಕಷ್ಟ ಯಾರಿಗೆ ಹೇಳಲಿ. ಲೋಟ ಒಡೆದುಹೋಯ್ತು ಅನ್ನುವ ಹಾಗಿಲ್ಲ, ಕನ್ನಡಕ ಕಳೆದುಹೋಯ್ತು ಅನ್ನುವ ಹಾಗಿಲ್ಲ. ಕರ್ತೃ ಯಾರು ಎಂದು ಹಾಜರು.

ಹೀಗಿರುವಾಗ ಶಾಲೆಗೆ ಹೊಸ ಸಭಾಂಗಣ ಕಟ್ಟಿದರು. ಭಾನುವಾರ ಆರಾಧನೆಯ ನಂತರ ಅದರ ಪ್ರಾರಂಭ. ಗೋಡೆಗೆ ತೂಗುಹಾಕಲು ಶಾಲೆಯ ಧ್ಯೇಯವಾಕ್ಯದ ಪಟ ಬೇಕು, ಹೊಲಿಯುವವರು ನೀವೇ ಆಗಬೇಕು ಎಂದು ದೊಡ್ಡ ಮೇಷ್ಟ್ರು ಮನೆಗೇ ಬಂದು ಕೇಳಿದರು. ಎತ್ತರದ ಮನುಷ್ಯ, ಬಾಗಿಲಲ್ಲಿ ತಲೆ ತಗ್ಗಿಸಿ ಒಳಗೆ ಬರುವಾಗಲೇ ಅರ್ಧ ನಮಸ್ಕಾರ ಮುಗಿದಿರುತ್ತದೆ. ನನ್ನನ್ನು ಹೊಗಳಿದರೆ ನಾನು ಬೆಣ್ಣೆ. ಒಪ್ಪಿಕೊಂಡೆ.

ವಾಕ್ಯ ಎರಡೇ ಪದ: ಕ್ವೆರೆಂತೆಸ್ ಗೌದೆಂತ್. ಹುಡುಕುವವರು ಸಂತೋಷಪಡುತ್ತಾರೆ ಎಂದು ಅರ್ಥ. ಗುಂಡುಸೂಜಿ ಅದನ್ನು ಚೌಕುಳಿ ಹಾಳೆಯಲ್ಲಿ, ಚೌಕಕ್ಕೊಂದರಂತೆ ದೊಡ್ಡ ಲ್ಯಾಟಿನ್ ಅಕ್ಷರಗಳಲ್ಲಿ ಬರೆದುಕೊಟ್ಟಳು. ಸಭೆಯ ಮುಂದೆ ನಿಂತು ಅದನ್ನು ಓದಿ ಅರ್ಥ ಹೇಳುವವಳೂ ಅವಳೇ. ಇಡೀ ಶಾಲೆಯಲ್ಲಿ ಅವಳನ್ನೇ ಆರಿಸಿದ್ದರು. ಆ ವಾರವಿಡೀ ಅವಳು ನೆಲದ ಮೇಲೆ ನಡೆದದ್ದನ್ನು ನಾನು ನೋಡಲಿಲ್ಲ, ಬರೀ ಜಿಗಿತ.

ದಪ್ಪ ನೀಲಿ ಬಟ್ಟೆ ತೆಗೆದುಕೊಂಡೆ. ಹೊಂಬಣ್ಣದ ಬಟ್ಟೆಯಲ್ಲಿ ಅಂಗೈಯಗಲದ ಅಕ್ಷರಗಳನ್ನು ಕತ್ತರಿಸಿ, ಅಂಚು ಮಡಿಸಿ, ಒಂದೊಂದನ್ನೇ ಕೈಯಲ್ಲಿ ಹೊಲಿದು ಕೂರಿಸಿದೆ. ಕಣ್ಣು ಮೊದಲಿನಂತಿಲ್ಲ. ಇದೇ ನನ್ನ ಕೊನೆಯ ದೊಡ್ಡ ಕೆಲಸ, ಯಾರೂ ಬೆರಳು ತೋರಿಸಬಾರದು ಎಂದು ಊರಿಗೆಲ್ಲ ಡಂಗುರ ಸಾರಿದ್ದೆ. ಅಷ್ಟು ಜಂಭ ಕೊಚ್ಚಿದವಳು ಮಾಡಿದ್ದೇನು? ನಡುವಿನಿಂದ ಅಳೆಯುವ ಬದಲು ಎಡಗಡೆಯಿಂದ ಶುರು ಮಾಡಿದೆ. ಎರಡು ಪದಗಳ ಮಧ್ಯೆ ಧಾರಾಳವಾಗಿ ಒಂದು ಗೇಣು ಜಾಗ ಬಿಟ್ಟೆ. ಬಲತುದಿಗೆ ಬರುವ ಹೊತ್ತಿಗೆ ಮೂರು ಅಕ್ಷರ ಬಾಕಿ, ಜಾಗ ಇದ್ದದ್ದು ಎರಡಕ್ಕೆ.

ಬಿಚ್ಚಲು ಮನಸ್ಸು ಬರಲಿಲ್ಲ. ಹಾಳೆ ನೋಡಿದೆ. ಆ ಎನ್ ಅನ್ನುವ ಅಕ್ಷರ ಮೊದಲ ಪದದಲ್ಲಿ ಒಮ್ಮೆ ಬಂದುಹೋಗಿದೆ, ಪಾಪ, ಮತ್ತೊಮ್ಮೆ ಯಾಕೆ ದುಡಿಯಬೇಕು? ನಮ್ಮ ಲಿಪಿಯಲ್ಲಾದರೆ ಬರೀ ಒಂದು ಸೊನ್ನೆ. ಯಾರೂ ಮಾತನಾಡದ ಭಾಷೆಯಲ್ಲಿ ಒಂದು ಸೊನ್ನೆ ಕಡಿಮೆಯಾದರೆ ಯಾವ ಗಂಟು ಮುಳುಗುತ್ತದೆ! ಎನ್ ಬಿಟ್ಟು ಹೊಲಿದೆ, ಹಾಳೆಯನ್ನು ಮಡಿಸಿ ಹೊಲಿಗೆ ಪೆಟ್ಟಿಗೆಯಲ್ಲಿ ಬಾಬಿನ್‌ಗಳ ಕೆಳಗೆ ಇಟ್ಟೆ. ಪಟ ನೋಡಲು ಬಲು ಅಂದವಾಗಿತ್ತು.

ಶನಿವಾರ ಮಧ್ಯಾಹ್ನ ಗುಂಡುಸೂಜಿ ಶಾಲೆಯಿಂದ ಓಡಿಬಂದಳು. ಪಟ ನೋಡಿ ಚಪ್ಪಾಳೆ ತಟ್ಟಿದಳು. ಆಮೇಲೆ ಓದಿದಳು. ಬೆರಳಿನಿಂದ ಅಕ್ಷರ ಎಣಿಸಿದಳು. ಇನ್ನೊಮ್ಮೆ ಎಣಿಸಿದಳು.

"ಅಜ್ಜಿ, ಎನ್ ಎಲ್ಲಿ?"

"ಯಾವ ಎನ್ನು?"

"ಗೌದೆಂತ್ ಅಲ್ವಾ? ಇದು ಗೌದೆತ್ ಆಗಿದೆ, ಒಬ್ಬರಿಗೆ ಹೇಳೋದು. ಹುಡುಕುವವರು ಸಂತೋಷಪಡುತ್ತಾಳೆ ಅಂದಂಗಾಯ್ತು. ಒಂದನೇ ತರಗತಿ ಮಕ್ಕಳೂ ನಗ್ತಾರೆ."

ಹೊಲಿಗೆ ಪೆಟ್ಟಿಗೆಯನ್ನು ಕಾಲಿಂದಲೇ ಮೇಜಿನಡಿಗೆ ತಳ್ಳಿದೆ. ಬಾಯಿ ಅದರ ಪಾಡಿಗೆ ಅದು ಓಡಿತು. "ಬಿಟ್ಟುಹೋಗಿದ್ಯೇನೋ. ನೀನು ಕೊಟ್ಟ ಹಾಳೇಲೇ ಬಿಟ್ಟುಹೋಗಿರಬೇಕು. ನಾನೇನು ಓದ್ತೀನಾ? ಕಂಡಿದ್ದನ್ನ ಹೊಲಿಯೋಳು."

ಬಿಟ್ಟುಹೋಗಿದೆ ಅಂದೆನಲ್ಲ, ಈಗ ಕೇಳುತ್ತಾಳೆ, ಕರ್ತೃ ಯಾರು ಎಂದು ಕೇಳೇ ಕೇಳುತ್ತಾಳೆ ಎಂದು ಕಾದೆ. ಅವಳು ಕೇಳಲಿಲ್ಲ. ಮುಖ ಸಣ್ಣದಾಯಿತು.

"ಹೌದಾ ಅಜ್ಜಿ? ಮೂರು ಸಲ ನೋಡಿದ್ದೆ ನಾನು. ಆದ್ರೂ ಬಿಟ್ಟಿರ್ತೀನಿ." ಪಟದಿಂದ ಬೆರಳು ತೆಗೆದು ಹೇಳಿದಳು, "ನಾಳೆ ಬೇರೆ ಯಾರಾದ್ರೂ ಓದ್ಲಿ. ಹತ್ತೊಂಬತ್ತು ಅಕ್ಷರಾನೂ ನೆಟ್ಟಗೆ ಬರೆಯೋಕೆ ಬರ್ದೇ ಇರೋಳು ಏನು ಓದೋದು."

ಹದಿನೇಳು ಅಕ್ಷರವೇ ಕಣೇ ಎಂದು ನಾನು ತಿದ್ದಬಹುದಿತ್ತು. ಎಣಿಸಿ ಕತ್ತರಿಸಿದವಳು ನಾನೇ ಅಲ್ಲವೇ. ಅವಳಿಗೆ ಲೆಕ್ಕ ತಪ್ಪುವಷ್ಟು ದುಃಖವಾಗಿತ್ತು. ಪೆಟ್ಟಿಗೆ ನನ್ನ ಕಾಲ ಬುಡದಲ್ಲೇ ಇತ್ತು. ಮುಚ್ಚಳ ತೆಗೆದು ಹಾಳೆ ತೋರಿಸಿದ್ದರೆ ಮುಗಿಯುತ್ತಿತ್ತು. ತೆಗೆಯಲಿಲ್ಲ. ನನಗೆ ನಾಚಿಕೆಯಾಯಿತು, ನಾಚಿಕೆಯಾದಾಗ ನಾನು ಪಾತ್ರೆ ತೊಳೆಯುತ್ತೇನೆ. ತೊಳೆದಿದ್ದ ಪಾತ್ರೆಗಳನ್ನೇ ಮತ್ತೆ ತೊಳೆದೆ.

ಅರ್ಧ ಗಂಟೆಯಾಗಿರಬೇಕು. ಒಳಗಿಂದ ಕಿರುಚಿದ ಸದ್ದು ಕೇಳಿಸಿತು. ಕತ್ತರಿ ಚುಚ್ಚಿಕೊಂಡಳೋ ಎಂದು ಒದ್ದೆ ಕೈಯಲ್ಲೇ ಓಡಿದೆ. ಅವಳು ಮೇಜಿನ ಮೇಲೆ ಹತ್ತಿ ನಿಂತಿದ್ದಳು.

"ಅಜ್ಜಿ! ಎನ್ ಬೇಡವೇ ಬೇಡ! ಮೊದಲನೇ ಪದದ ಕೊನೇ ಮೂರು ಅಕ್ಷರ ನೋಡಿ. ಟಿ, ಇ, ಎಸ್. ಆ ಎಸ್ ಅನ್ನ ಎತ್ತಿ ಟಿಗಿಂತ ಮುಂಚೆ ಹಾಕಿ. ಆಮೇಲೆ ಚೂರು ಜಾಗ ಬಿಡಿ. ಆಮೇಲೆ ಟಿ, ಇ. ಅಷ್ಟೇ!"

"ಅಷ್ಟಾದ್ರೆ ಏನಾಗುತ್ತೆ?"

"ಕ್ವೆರೆನ್ಸ್ ತೆ ಗೌದೆತ್! ಕ್ವೆರೆನ್ಸ್ ಅಂದ್ರೆ ಹುಡುಕುವವರು ಒಬ್ಬರೇ. ಗೌದೆತ್ತೂ ಒಬ್ಬರಿಗೇ. ಜೋಡಿ ಸರಿಹೋಯ್ತು. ತೆ ಅಂದ್ರೆ 'ನಿನ್ನನ್ನು'. ನಿನ್ನನ್ನು ಹುಡುಕುವವರು ಸಂತೋಷಪಡುತ್ತಾರೆ. ಒಬ್ಬೊಬ್ಬರೂ!"

"ನಿನ್ನನ್ನು ಅಂದ್ರೆ ಯಾರನ್ನೇ?"

"ಕರ್ತನನ್ನ ಅಜ್ಜಿ," ಎಂದು ಕಿಸಕ್ಕನೆ ನಕ್ಕಳು. "ಈ ಸಲ ಕರ್ತೃ ಅಲ್ಲ, ಕರ್ತನೇ."

ನಾನು ಪಟವನ್ನೇ ನೋಡುತ್ತ ನಿಂತೆ. ಒಂದು ಅಕ್ಷರವೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ. ನಾನು ದಂಡವಾಗಿ ಬಿಟ್ಟಿದ್ದ ಗೇಣು ಜಾಗ ಹೇಳಿ ಮಾಡಿಸಿದ ಹಾಗೆ ಅಲ್ಲೇ ಕಾದಿತ್ತು. ಶಹಬ್ಬಾಸ್ ಎಂದು ಅವಳ ಬೆನ್ನಿಗೆ ಗುದ್ದಿದೆ. ಮೂರು ಅಕ್ಷರ ಬಿಚ್ಚಿದೆವು. ಹಳೆಯ ಸೂಜಿಯ ಗುರುತುಗಳ ಮೇಲೆ ಅವಳು ಒದ್ದೆ ಬಟ್ಟೆ ಹಾಸಿ ಇಸ್ತ್ರಿ ಒತ್ತಿದಳು. ನಾನು ಹೊಲಿದೆ, ಅವಳು ಸೂಜಿಗೆ ದಾರ ಪೋಣಿಸಿದಳು. ಎಓ, ಎಸ್, ಎತ್ ಎಂದು ಇಬ್ಬರೂ ಹಾಡಿದೆವು. ನಾನು 'ಎತಿಸ್' ಬಿಟ್ಟೆನೆಂದು ಬೈಸಿಕೊಂಡೆ. ದೀಪ ಹಚ್ಚುವ ಹೊತ್ತಿಗೆ ಕೆಲಸ ಮುಗಿದಿತ್ತು. ಅಷ್ಟು ಖುಷಿಯ ಸಂಜೆಯಲ್ಲೂ ಆ ಪೆಟ್ಟಿಗೆಯ ಕಡೆ ತಿರುಗಿ ನೋಡಲು ನನಗೆ ಧೈರ್ಯವಾಗಲಿಲ್ಲ.

ಭಾನುವಾರ ಹೊರಡುವಾಗ ಆ ಹಾಳೆಯನ್ನು ಚೀಲಕ್ಕೆ ಹಾಕಿಕೊಂಡೆ. ಯಾಕೆ ಎಂದು ನನಗೇ ಸ್ಪಷ್ಟವಿರಲಿಲ್ಲ.

ಸಭಾಂಗಣದಲ್ಲಿ ಹೊಸ ಬಣ್ಣದ ವಾಸನೆ, ಕುರ್ಚಿಗಳ ಕರಕರ. ನಾನು ಮತ್ತು ಮಗ ಮುಂದಿನ ಸಾಲಿನಲ್ಲಿ ಕೂತಿದ್ದೆವು. ಮಕ್ಕಳು ಹಾಡಿದರು. ದೊಡ್ಡ ಮೇಷ್ಟ್ರು ಹಗ್ಗ ಎಳೆದರು, ಪರದೆ ಸರಿಯಿತು. ಅವರು ಪಟ ಓದಿದರು, ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದರು.

"ಇದು ನಾನು ಕೊಟ್ಟ ವಾಕ್ಯ ಅಲ್ಲವಲ್ಲ," ಎಂದರು. ಸಿಟ್ಟೇನೂ ಇರಲಿಲ್ಲ, ಪಾಠ ಮಾಡುವವರ ಅಭ್ಯಾಸದ ದನಿ. "ವಾಕ್ಯ ಬದಲಾಗಿದೆ. ಕರ್ತೃ ಯಾರು?"

ಗುಂಡುಸೂಜಿ ಎದ್ದುನಿಂತಳು. ಲಂಗದ ಅಂಚನ್ನು ಮುಷ್ಟಿಯಲ್ಲಿ ಹಿಡಿದಿದ್ದಳು. "ನಾನು ಸರ್. ಬರೆಯುವಾಗ ನಾನು ಒಂದು ಎನ್ ಬಿಟ್ಟು..."

"ಇಲ್ಲ!"

ಅಷ್ಟು ಜೋರಾಗಿ ಕೂಗಿದ್ದು ನಾನೇ. ಮಗ ಬೆಚ್ಚಿಬಿದ್ದು ನನ್ನ ತೋಳು ಹಿಡಿದ. ಕೊಡವಿಕೊಂಡು ಎದ್ದೆ. ಚೀಲದಿಂದ ಹಾಳೆ ತೆಗೆದು ಎಲ್ಲರಿಗೂ ಕಾಣುವ ಹಾಗೆ ಎತ್ತಿ ಹಿಡಿದೆ.

"ಇಲ್ಲಿದೆ ನೋಡಿ ಎನ್ನು. ಮಗು ಸರಿಯಾಗೇ ಬರೆದಿದೆ. ಜಾಗ ಸಾಲಲಿಲ್ಲ ಅಂತ ಬೇಕಂತಲೇ ಬಿಟ್ಟೋಳು ನಾನು. ಕೇಳಿದಾಗ ಸುಳ್ಳು ಹೇಳಿ ಅವಳ ತಲೆಗೆ ಕಟ್ಟಿದೋಳೂ ನಾನು. ಕರ್ತೃ ನಾನು, ಮೇಷ್ಟ್ರೇ. ವಾಕ್ಯಾನ ಉಳಿಸಿದ್ದು ಮಾತ್ರ ಅವಳು."

ನನ್ನ ಕಿವಿ ಬಿಸಿಯಾಗಿತ್ತು. ಮೊಮ್ಮಗಳ ಕಡೆ ನೋಡಲು ಭಯವಾಯಿತು, ಆದರೂ ನೋಡಿದೆ. "ತಪ್ಪಾಯ್ತು ಕಣೇ" ಎಂದೆ.

ಅವಳು ಓಡಿಬಂದು ಹಾಳೆ ಕಿತ್ತುಕೊಂಡಳು. "ಬರೆದಿದ್ದೆ! ನಾನು ಬರೆದೇ ಇದ್ದೆ!" ಎಂದು ಕುಣಿದಳು. ಬೈಯುವುದು ಹಾಗಿರಲಿ, ನನ್ನ ಸೊಂಟ ತಬ್ಬಿಕೊಂಡು ತಿರುಗಿಸಿಬಿಟ್ಟಳು. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು, ಆಮೇಲೆ ಎಲ್ಲರೂ ನಕ್ಕರು.

ದೊಡ್ಡ ಮೇಷ್ಟ್ರು ಪಟದ ಕಡೆಗೇ ನೋಡುತ್ತಿದ್ದರು. "ನಾನು ಬರೆದಿದ್ದಕ್ಕಿಂತ ಇದೇ ಚೆನ್ನಾಗಿದೆ," ಎಂದರು. "ಯಾರನ್ನ ಹುಡುಕಬೇಕು ಅಂತ ನಾನು ಹೇಳೋಕೇ ಮರೆತಿದ್ದೆ. ಇದೇ ಇರಲಿ. ಬಾ ಮಗು, ಓದು."

ಗುಂಡುಸೂಜಿ ಮುಂದೆ ಹೋಗಿ ನಿಂತಳು. ಕ್ವೆರೆನ್ಸ್ ತೆ ಗೌದೆತ್. ಒಂದೊಂದು ಅಕ್ಷರವೂ ಗಂಟೆ ಹೊಡೆದ ಹಾಗೆ ಕೇಳಿಸಿತು.

"ಗೌದೆತ್. ಏಕವಚನವೋ ಬಹುವಚನವೋ?" ಮೇಷ್ಟ್ರು ಕೇಳಿದರು.

"ಏಕವಚನ!" ಅರವತ್ತು ಮಕ್ಕಳೂ ಕೂಗಿದರು.

"ಅವನೋ ಅವಳೋ?"

"ಲ್ಯಾಟಿನ್ ಅದನ್ನ ಹೇಳಲ್ಲ ಸರ್," ಎಂದಳು ಗುಂಡುಸೂಜಿ. "ನಮ್ಮ ಮಾತಲ್ಲಿ ಹೇಳುವಾಗ ನಾವೇ ಆರಿಸಿಕೋಬೇಕು."

"ಆರಿಸಿ ಹೇಳು."

"ನಿನ್ನನ್ನು ಹುಡುಕುತ್ತಾ ಅವಳು ಸಂತೋಷಪಡುತ್ತಾಳೆ."

"ಅವಳು ಅಂದ್ರೆ? ಕರ್ತೃ ಯಾರು?"

ಅವಳು ನನ್ನತ್ತ ಕೈ ತೋರಿಸಿದಳು. "ನಮ್ಮಜ್ಜಿ."

ಕಣ್ಣಿಂದ, ಮೂಗಿಂದ ನೀರು ಸುರಿಯತೊಡಗಿತು, ಕರವಸ್ತ್ರ ಸಿಗಲಿಲ್ಲ, ಮಗನ ತೋಳಿಗೇ ಒರೆಸಿಕೊಂಡೆ. "ತಪ್ಪು ಕಣೇ," ಎಂದೆ ಅಲ್ಲಿಂದಲೇ. "ನಾನು ಅಳ್ತಾ ಇದ್ದೀನಿ."

ಅವಳು ನನ್ನನ್ನು ಒಂದು ಕ್ಷಣ ನೋಡಿದಳು, ಪಟ ನೋಡಿದಳು, ಮತ್ತೆ ನನ್ನನ್ನು ನೋಡಿದಳು.

"ಇಲ್ಲ ಅಜ್ಜಿ," ಎಂದಳು. "ಕ್ರಿಯಾಪದ ಸರಿಯಾಗೇ ಇದೆ."