ಒಂದೇ ಶನಿವಾರದಲ್ಲಿ ಐದು ದಿನ

ಹಾಲಿವುಡ್‌ನಲ್ಲಿ ಕೆಲಸವಿಲ್ಲದ ನಟನಿಗಿಂತ ಮರೆವು ಹತ್ತಿದ ನಟನ ಗತಿ ಕೆಟ್ಟದ್ದು. ನನ್ನ ಗಂಡ ವೆಂಡೆಲ್‌ಗೆ ಎರಡೂ ಅಂಟಿಕೊಂಡಿದ್ದವು. ಮೊದಲನೆಯದು ಊರಿಗೆಲ್ಲ ಗೊತ್ತು, ಎರಡನೆಯದು ನನಗೊಬ್ಬಳಿಗೇ. ಸಾವಿರದ ಒಂಬೈನೂರ ಎಪ್ಪತ್ತನಾಲ್ಕರಲ್ಲಿ ಒಬ್ಬ ನಿರ್ಮಾಪಕ ಹೊಸ ಕೌಬಾಯ್ ಧಾರಾವಾಹಿಯಲ್ಲಿ ಅವನಿಗೆ ಮುದಿ ಷೆರೀಫನ ಪಾತ್ರ ಕೊಡಲು ಮನಸ್ಸು ಮಾಡಿದ. ಅದಕ್ಕೆ ಮೊದಲು ಇವನನ್ನು ಕ್ಯಾಮೆರಾ ಮುಂದೆ ಒಮ್ಮೆ ನೋಡಬೇಕಂತೆ. ಅದಕ್ಕೇ ತಾರಾ ದಂಪತಿಗಳ ಆ ಹಾಳು ಟಿವಿ ಆಟಕ್ಕೆ ಒಪ್ಪಿಕೊಂಡೆ. ಹದಿಮೂರು ವಾರವೂ ಬಾಳದ ಆಟ ಅದು.

ಗಂಡನ ಕಿವಿ ಮುಚ್ಚಿ ಕೂರಿಸಿ ಹೆಂಡತಿಯನ್ನು ಪ್ರಶ್ನೆ ಕೇಳುತ್ತಾರೆ. ಆಮೇಲೆ ಗಂಡ ಅದೇ ಉತ್ತರ ಹೇಳಬೇಕು. ವೆಂಡೆಲ್ ಏನು ಹೇಳಿಯಾನು ಎಂದು ಊಹಿಸಿಕೊಂಡೇ ನಾನು ಉತ್ತರಿಸುತ್ತಿದ್ದೆ. ಮೂವತ್ತು ವರ್ಷ ಬಾಳಿದವಳಿಗೆ ಅದೇನು ಮಹಾ!

ಸೋಮವಾರದಿಂದ ಶುಕ್ರವಾರದವರೆಗಿನ ಕಂತುಗಳನ್ನೆಲ್ಲ ಒಂದೇ ಶನಿವಾರ ಚಿತ್ರೀಕರಿಸುವುದು ಅವರ ಪದ್ಧತಿ. ಪ್ರತಿ ಕಂತಿಗೂ ಬಟ್ಟೆ ಬದಲು, ನನಗೆ ವಿಗ್ಗೂ ಬದಲು. ಇವತ್ತು ಬುಧವಾರ ಎಂದು ನಿರೂಪಕ ರಸ್ ಸಾರಿದರೆ ಜನ ಚಪ್ಪಾಳೆ ತಟ್ಟಬೇಕು. ನಮಗೆಲ್ಲ ಅದು ನಾಟಕ. ವೆಂಡೆಲ್ ಅದನ್ನು ನಿಜವೆಂದೇ ನಂಬುತ್ತಿದ್ದಾನೆಂದು ನನ್ನ ಮಂಡೆಗೆ ಹೊಳೆಯಲೇ ಇಲ್ಲ.

ನಾಲ್ಕು ಕಂತು ಗೆದ್ದೆವು. ನಿರ್ಮಾಪಕ ಮುಂದಿನ ಸಾಲಿನಲ್ಲಿ ಕೂತು ನಗುತ್ತಿದ್ದ. ಶುಕ್ರವಾರದ ಕಂತಿಗೆ ನನ್ನ ತಲೆಗೆ ಕೆಂಪು ವಿಗ್ಗು ಏರಿತು. ನಿಮ್ಮ ಗಂಡ ನಿಮ್ಮ ಮೇಲೆ ಕೊನೆಯ ಸಲ ಸಿಟ್ಟಾದದ್ದು ಯಾಕೆ ಎಂದು ರಸ್ ಕೇಳಿದ. ಕಾಫಿ ಆರಿಹೋಗಿದ್ದಕ್ಕೆ ಅಂದೆ. ವೆಂಡೆಲ್‌ನ ಕಿವಿಗೆ ಮುಚ್ಚಿದ್ದನ್ನು ತೆಗೆದು ಅವನನ್ನೂ ಅದನ್ನೇ ಕೇಳಿದರು.

ಅವನು ನನ್ನತ್ತ ಓರೆಗಣ್ಣಲ್ಲಿ ನೋಡಿ, ರಸ್‌ನ ಕಡೆ ಬಾಗಿ ದನಿ ತಗ್ಗಿಸಿದ. ಮೈಕು ಎಲ್ಲವನ್ನೂ ಹಿಡಿಯಿತು.

"ಸಿಟ್ಟೇನಿಲ್ಲಪ್ಪ, ಹೆದರಿಕೆ. ಸೋಮವಾರದಿಂದ ಅವಳು ಮನೆಗೇ ಬಂದಿಲ್ಲ. ನೀವು ದಿನಾ ಬೇರೆ ಬೇರೆ ಹೆಂಗಸರನ್ನ ತಂದು ಪಕ್ಕದಲ್ಲಿ ಕೂರಿಸ್ತೀರಿ. ಈಯಮ್ಮ ಒಳ್ಳೆಯವಳೇ, ಇಲ್ಲ ಅನ್ನಲ್ಲ. ಆದ್ರೆ ನನ್ನ ಹೆಂಡ್ತಿ ಮಾವಿಸ್ ಎಲ್ಲಿ?"

ತಮಾಷೆಯೆಂದುಕೊಂಡು ಸಭೆ ಬಿದ್ದು ಬಿದ್ದು ನಕ್ಕಿತು. ನಿರ್ಮಾಪಕ ಕಣ್ಣೊರೆಸಿಕೊಂಡು ಚಪ್ಪಾಳೆ ಹೊಡೆದ. ನಾನೂ ಜೊತೆಗೆ ನಕ್ಕುಬಿಟ್ಟಿದ್ದರೆ ಪಾತ್ರ ನಮ್ಮದೇ. ನಗಲು ಬಾಯಿ ತೆರೆದೆ ಕೂಡ. ಆದರೆ ಅವನು ನಗುವ ಜನರ ನಡುವೆ ನನ್ನನ್ನು ಹುಡುಕುತ್ತಿದ್ದ. ಷೆರೀಫನೂ ಬೇಡ, ಗಿರೀಫನೂ ಬೇಡ ಎಂದು ವಿಗ್ಗು ಕಿತ್ತು ನೆಲಕ್ಕೆಸೆದೆ. ಬೆವರಿಗೆ ಅಂಟಿಕೊಂಡ ನನ್ನ ನರೆಗೂದಲನ್ನು ಎಲ್ಲರೂ ನೋಡಿದರು.

"ಇಲ್ನೋಡು, ನಾನೇ ಕಣೋ."

ಅವನು ನನ್ನ ತಲೆ ಮುಟ್ಟಿ ಮುಟ್ಟಿ ನೋಡಿದ. ಆಮೇಲೆ ಗೊಳೋ ಎಂದು ಅತ್ತ. ನಗು ನಿಂತಿತು. ನಿರ್ಮಾಪಕ ಎದ್ದು ಹೊರಟ.

"ಐದು ದಿನ ಎಲ್ಲಿ ಹೋಗಿದ್ಯೇ?" ಎಂದು ವೆಂಡೆಲ್ ಕೇಳಿದ.

"ತಪ್ಪಾಯ್ತು, ಇನ್ನು ಹೋಗಲ್ಲ," ಅಂದೆ.