ಗೀರಿನ ವಿಚಾರಣೆ

ಮನುಷ್ಯಕುಲವನ್ನು ಕಾಡುತ್ತ ಬಂದಿರುವ ಗಹನ ಪ್ರಶ್ನೆಗಳ ಸಾಲಿಗೆ ಆ ಭಾನುವಾರ ಬೆಳಗ್ಗೆ ಇನ್ನೊಂದು ಬಂದು ಸೇರಿತು: ಕಪ್ಪು ಕಾರನ್ನು ಯಾವುದರಿಂದ ಉಜ್ಜಬೇಕು?

ಪ್ರಶ್ನೆಯನ್ನು ಟೈಲರಮ್ಮನ ತಲೆಗೆ ಕಟ್ಟಿದವನು ಅವಳ ಒಡಹುಟ್ಟಿದ ಅಣ್ಣ, ಕನ್ನಡಕದ ಅಂಗಡಿಯವನು. ಅಂಗಡಿಯ ಸ್ಟೂಲಿನಿಂದ ಜಾರಿ ಬಿದ್ದು ಬಲಗೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಅವನಿಗೆ ಹನ್ನೆರಡು ದಿನವಾಗಿತ್ತು. ಅಷ್ಟೂ ದಿನದ ಧೂಳು ಕಾರಿನ ಮೇಲಿತ್ತು, ಹಕ್ಕಿಗಳ ಕೊಡುಗೆ ಬೇರೆ. ಆ ಕಾರನ್ನು ಅವನ ಹೊರತು ಇನ್ನೊಬ್ಬರು ತೊಳೆದದ್ದಿಲ್ಲ. ಓಡಿಸುವ ಮಾತಂತೂ ದೂರವೇ ಉಳಿಯಿತು. ಟೈಲರಮ್ಮ ಲೈಸೆನ್ಸ್ ತೆಗೆದುಕೊಂಡು ನಾಲ್ಕು ವರ್ಷವಾಗಿತ್ತು. ಪರ್ಸಿನಲ್ಲಿ ಕೂತು ಕೂತು ಅದರ ಮೂಲೆ ಸವೆದಿತ್ತೇ ಹೊರತು ಅದು ಒಂದು ದಿನವೂ ರಸ್ತೆ ಕಂಡಿರಲಿಲ್ಲ.

"ಒಂದೇ ಒಂದು ಹೊಸ ಗೀರು ಬೀಳದ ಹಾಗೆ ತೊಳೆದು ತೋರಿಸು," ಎಂದ ಅಣ್ಣ, ಪ್ಲಾಸ್ಟರಿನ ಕೈಯನ್ನು ರಾಜದಂಡದಂತೆ ಎತ್ತಿ. "ಸಂಜೆ ಕೀಲಿ ನಿಂಗೆ."

"ಅತ್ತಿಗೆ, ಕೇಳಿಸ್ಕೊಂಡ್ರಾ? ನೀವೇ ಸಾಕ್ಷಿ!"

"ಕೇಳಿಸ್ತು ಕಣೇ. ಬೇಕಾದ್ರೆ ಬರೆಸಿ ಸಹಿ ಹಾಕಿಸ್ಕೊಡ್ತೀನಿ. ಎಡಗೈಲಿ."

ತಂಗಿ ಸೋಲುತ್ತಾಳೆ ಎಂಬ ಖಾತ್ರಿಯಿಂದಲೇ ಅಣ್ಣನಿಗೆ ಅಷ್ಟೊಂದು ಔದಾರ್ಯ ಉಕ್ಕಿತ್ತು. ಟೈಲರಮ್ಮನಿಗೂ ಅದು ಗೊತ್ತಿತ್ತು.

ಅಡುಗೆಮನೆಯ ಮೇಜಿನ ಮೇಲೆ ಅಭ್ಯರ್ಥಿಗಳು ಸಾಲಾಗಿ ಕೂತವು: ಹಳದಿ ಸ್ಪಂಜು, ಉದ್ದ ಹಿಡಿಯ ಬ್ರಷ್, ಅಣ್ಣ ಇಷ್ಟು ವರ್ಷ ಬಳಸಿದ ಹಳೇ ಬನಿಯನ್, ಮೈತುಂಬ ಮೆತ್ತನೆಯ ಎಳೆಗಳು ಜೋತುಬಿದ್ದ ಕೈಗವಸು, ಒರೆಸುವುದಕ್ಕೊಂದು ದಪ್ಪ ಮೈಕ್ರೋಫೈಬರ್ ಟವೆಲ್. ಪರೀಕ್ಷೆ ಎಲ್ಲಿ ಮಾಡುವುದು? ಕಾರಿನ ಮೇಲೆ ಮಾಡಿದರೆ ಪರೀಕ್ಷೆಯೇ ಅಪರಾಧ. ಅತ್ತಿಗೆ ಒಂದು ಗಳಿಗೆ ಯೋಚಿಸಿ, ಅಂಗಡಿಯಲ್ಲಿ ಅಳತೆ ತಪ್ಪಿ ಕತ್ತರಿಸಿ ಹಾಳಾದ, ಆದರೆ ಗೀರಿಲ್ಲದ ಲೆನ್ಸುಗಳ ಡಬ್ಬಿಯನ್ನೇ ಎತ್ತಿಕೊಂಡು ಬಂದಳು.

"ನಮ್ಮ ಮನೇಲಿ ಗೀರು ಹಿಡಿಯೋಕೆ ಇದಕ್ಕಿಂತ ಒಳ್ಳೇ ವಸ್ತು ಯಾವುದಿದೆ?"

ಟೈಲರಮ್ಮ ಅವಳನ್ನು ತಬ್ಬಿಕೊಂಡೇ ಬಿಟ್ಟಳು. ಸೋಪಿನ ನೀರಿಗೆ ಅಂಗಳದ ಒಂದು ಚಿಟಿಕೆ ಮರಳು ಬಿತ್ತು. ಒಂದೊಂದು ಲೆನ್ಸು, ಒಂದೊಂದು ಸಾಧನ, ಹತ್ತತ್ತು ಎಳೆತ. ಆಮೇಲೆ ಕಿಟಕಿಯ ಬೆಳಕಿಗೆ ಹಿಡಿದು ಇಬ್ಬರೂ ತಲೆಗೆ ತಲೆ ತಾಗಿಸಿ ನೋಡಿದರು.

"ಬ್ರಷ್ ನೋಡೇ, ಬೆಕ್ಕು ಪರಚಿದ ಹಾಗಿದೆ!"

"ಸ್ಪಂಜು ಅದರಪ್ಪ. ಮರಳನ್ನ ಮುಖದ ಮೇಲೇ ಇಟ್ಕೊಂಡು ಉಜ್ಜಿದೆ."

ಬನಿಯನ್ನಿನ ಲೆನ್ಸಿನ ಗೀರುಗಳನ್ನು ನೋಡಿ ಅತ್ತಿಗೆ ಅದನ್ನು ಬೇಗ ಬೋರಲು ಹಾಕಿದಳು. ಮನೆಯ ಯಜಮಾನನ ಮಾನ ಅದರಲ್ಲಿತ್ತು. ಕೈಗವಸಿನದು ಮಾತ್ರ ಕನ್ನಡಿಯಂತೆ ಹೊಳೆಯಿತು. ಮರಳೆಲ್ಲ ಎಳೆಗಳ ಸಂದಿಗೆ ಇಳಿದು ಅಡಗಿತ್ತು. ಟೈಲರಮ್ಮ ಕುಣಿದಳು. ಕುಣಿತ ಮುಗಿಯುವ ಮೊದಲೇ ಟವೆಲಿನ ಲೆನ್ಸಿನಲ್ಲಿ ಒಂದು ಗೀರು ಕಂಡಿತು.

"ಇದೆಲ್ಲಿಂದ ಬಂತು?"

ಅಸ್ತರಿನ ಬಟ್ಟೆ ಕೊಳ್ಳುವಾಗ ಮಾಡುವಂತೆ ಅವಳು ಟವೆಲನ್ನು ಕೆಳದುಟಿಗೆ ಒತ್ತಿ ಇಂಚಿಂಚೇ ಎಳೆದಳು. ಮೂಲೆಯ ಹತ್ತಿರ ತುಟಿ ಚುರ್ ಎಂದಿತು. ಕಂಪನಿಯ ಲೇಬಲ್! ಅದನ್ನು ಹಿಡಿದಿದ್ದದ್ದು ಮುಳ್ಳಿನಂಥ ನೈಲಾನ್ ದಾರ. ಹೊಲಿಗೆ ಬಿಚ್ಚುವ ಕೊಕ್ಕೆಯಿಂದ ಒಂದೊಂದೇ ಹೊಲಿಗೆ ಕಿತ್ತು ಇನ್ನೊಂದು ಲೆನ್ಸಿನ ಮೇಲೆ ಉಜ್ಜಿದಳು. ಲೆನ್ಸು ಶುದ್ಧವಾಗಿತ್ತು.

ಅಂಗಳಕ್ಕೆ ಇಳಿಯುವ ಮುಂಚೆ ಬಳೆ, ಉಂಗುರ, ವಾಚು, ಕುಪ್ಪಸದ ಅಂಚಿಗೆ ಸಿಕ್ಕಿಸಿದ್ದ ಗುಂಡುಸೂಜಿಗಳು ಎಲ್ಲವೂ ಮೈಬಿಟ್ಟವು. ಎರಡು ಬಕೆಟ್: ಒಂದರಲ್ಲಿ ಸೋಪು, ಇನ್ನೊಂದರಲ್ಲಿ ಕೈಗವಸು ಜಾಲಿಸಲು ಬರೀ ನೀರು. ಮೊದಲು ಕಾರನ್ನು ಮುಟ್ಟದೆಯೇ ನೀರು ಹಾಯಿಸಿ ಧೂಳನ್ನು ಕಳಿಸಿಕೊಟ್ಟಳು. ಆಮೇಲೆ ಚಾವಣಿಯಿಂದ ಕೆಳಕ್ಕೆ. ನೇಯ್ಗೆಯ ಎಳೆ ಹಿಡಿದು ಕತ್ತರಿ ಓಡಿಸಿ ರೂಢಿಯಿದ್ದ ಕೈ, ಕೈಗವಸನ್ನೂ ನೆಟ್ಟಗೆ ಮುಂದಿನಿಂದ ಹಿಂದಕ್ಕೇ ಎಳೆಯಿತು. ಚಕ್ರಗಳು ಕೊನೆಗೆ, ಬ್ರಷ್ಷಿಗೂ ಒಂದು ನೌಕರಿ ಸಿಕ್ಕಿತು.

ಅಣ್ಣ ಎಡಗೈಯಲ್ಲಿ ಟಾರ್ಚ್ ಹಿಡಿದು, ಹೆಂಡತಿಯ ಕೈಗೆ ಭೂತಗನ್ನಡಿ ಕೊಟ್ಟು ತನಿಖೆಗೆ ಬಂದ. ಬಾನೆಟ್ಟಿನ ಮೇಲೆ ಬಗ್ಗಿ ಕಳೆದ ನಿಧಿ ಸಿಕ್ಕವನಂತೆ ಕೂಗಿದ: "ಸಿಕ್ತು! ಇಲ್ಲಿ! ಇಲ್ಲೂ ಇದೆ!"

ಟೈಲರಮ್ಮ ಅತ್ತಿಗೆಯ ಕೈಯಿಂದ ಭೂತಗನ್ನಡಿ ಕಸಿದುಕೊಂಡು ಬಗ್ಗಿದಳು. ಗೀರುಗಳೇನೋ ಇದ್ದವು, ಕೂದಲೆಳೆಯಷ್ಟು ಸಣ್ಣವು. ಒಂದನ್ನು ಹಿಡಿದು, ಬಣ್ಣಕ್ಕೆ ತಾಗದಂತೆ ಗಾಳಿಯಲ್ಲೇ ಬೆರಳಾಡಿಸುತ್ತ ಹಿಂಬಾಲಿಸಿದಳು. ಅದು ದುಂಡಗೆ ಸುತ್ತಿ ಹೊರಟಲ್ಲಿಗೇ ಬಂತು. ಇನ್ನೊಂದೂ ಹಾಗೆಯೇ.

"ಅಣ್ಣಾ, ಇವೆಲ್ಲ ದುಂಡಗಿವೆ. ನಾನು ಒಂದ್ಸಲವಾದ್ರೂ ದುಂಡಗೆ ಉಜ್ಜಿದ್ನಾ?"

"ಉಜ್ಜಿಲ್ಲ. ನಾನು ಕಣ್ಣಾರೆ ನೋಡಿದೀನಿ," ಎಂದಳು ಅತ್ತಿಗೆ.

"ದುಂಡಗಾ? ತಡಿ, ಸರಿಯಾಗಿ ನೋಡ್ತೀನಿ." ಅಣ್ಣ ಟಾರ್ಚನ್ನು ಕಂಕುಳಿಗೆ ಸೇರಿಸಿ ಕನ್ನಡಕ ತೆಗೆದು, ಗಿರಾಕಿಗಳಿಗೆ ದಿನವೂ ಬೇಡವೆಂದು ಬೈಯುವ ರೀತಿಯಲ್ಲೇ ಷರ್ಟಿನ ತುದಿಯಿಂದ ಒರೆಸತೊಡಗಿದ. ಇಪ್ಪತ್ತು ವರ್ಷ ಲೆನ್ಸು ಒರೆಸಿದ ಕಸುಬು ಎಡಗೈಗೂ ಇಳಿದಿತ್ತು. ಬೆರಳುಗಳು ಸುತ್ತಿದವು, ಮತ್ತೆ ಸುತ್ತಿದವು. ಹೆಂಗಸರಿಬ್ಬರೂ ಆ ಕೈಯನ್ನೇ ನೋಡುತ್ತ ನಿಂತರು. ಅವನೂ ನೋಡಿಕೊಂಡ. ಕೈ ಅರ್ಧ ಸುತ್ತಿನಲ್ಲಿ ನಿಂತಿತು.

"ರೀ," ಎಂದಳು ಅತ್ತಿಗೆ ಮೆಲ್ಲಗೆ, "ಕೀಲಿ ಎಲ್ಲಿಟ್ಟಿದೀರಿ?"

ಆ ಸಂಜೆ ಟೈಲರಮ್ಮ ಕಾರು ಓಡಿಸಿದಳು. ಅತ್ತಿಗೆ ಮುಂದೆ ಕೂತಳು, ಅಣ್ಣ ಹಿಂದೆ.